ತಲೆಹೊರೆಯ ದಾರಿ

ದೆಹಲಿಯ ಜನಕಪುರಿಯ ವಿಮಲಾ ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವುತ್ತಿರುವವಳು. ಭಾನುವಾರ ಮಾತ್ರ ಗುಡಗಾಂವ್ ಪಕ್ಕದ ಅರಾವಳಿಯ ಕಲ್ಲುಗುಡ್ಡದಲ್ಲಿ ಹನ್ನೆರಡು ಜನಕ್ಕೆ ಮೌಂಟನ್ ಬೈಕ್ ಓಡಿಸುವುದನ್ನು ಕಲಿಸುತ್ತಾಳೆ. ಡಿಸೆಂಬರ್ ಬಂತೆಂದರೆ ಅವರನ್ನೆಲ್ಲ ರೈಲು ಹತ್ತಿಸಿ ಹೊನ್ನಾವರದಾಚೆಯ ತನ್ನ ಊರಿಗೆ ಕರೆದೊಯ್ದು, ಸಮುದ್ರದ ಮೇಲಿನ ಚಿರೆಕಲ್ಲಿನ ದಿಬ್ಬಗಳಲ್ಲಿ ಸೈಕಲ್ ಹೊಡೆಸುತ್ತಾಳೆ.

ಆ ಕಾಲುದಾರಿ ಮೀನು ಮಾರುವ ಹೆಂಗಸರು ನಡೆದೂ ನಡೆದೂ ಸವೆಸಿದ್ದು. ವಿಮಲಾಳ ತಾಯಿಯೂ ಅಲ್ಲೇ ಬುಟ್ಟಿ ಹೊತ್ತವಳು. ತಲೆ ಮೇಲೆ ಹೊರೆಯಿದ್ದವರು ಕಾಲ ಕೆಳಗೆ ನೋಡಲಾರರು, ಪಕ್ಕಕ್ಕೆ ಸರಿಯಲಾರರು; ಎದುರು ಬಂದವರೇ ಇಳಿದು ನಿಲ್ಲಬೇಕು. ಇದು ಅಲ್ಲಿನ ಕಟ್ಟಳೆ. ಪ್ರತಿ ತಂಡಕ್ಕೂ ಅವಳು ಇದನ್ನು ಕೇಳುವವರ ತಲೆ ಚಿಟ್ಟುಹಿಡಿಯುವಷ್ಟು ಸಲ ಹೇಳುತ್ತಾಳೆ.

ಹೀಗಿರುವಾಗ ಗಗನ್ ಎಂಬ ಮಹಾಶಯ, ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ಹೋದ ಡಿಸೆಂಬರಿನಲ್ಲಿ ತನ್ನ ಹೆಲ್ಮೆಟ್ ಕ್ಯಾಮೆರಾ ಹಿಡಿದ ವಿಡಿಯೋ ತುಣುಕೊಂದನ್ನು ಕ್ಲಬ್ಬಿನ ಗುಂಪಿಗೆ ಹಾಕಿದ. ಇಳಿಜಾರಿನಲ್ಲಿ ಬುಟ್ಟಿ ಹೊತ್ತು ಎದುರು ಬರುತ್ತಿದ್ದ ಮುದುಕಿಯೊಬ್ಬಳನ್ನು ಅವನ ಸೈಕಲ್ಲು ಸವರಿಕೊಂಡು ಹೋಗುತ್ತದೆ, ಬುಟ್ಟಿ ಉರುಳಿ ಬಂಗಡೆಯೆಲ್ಲ ಕಲ್ಲಿನ ಪಾಲಾಗುತ್ತದೆ. ಅದಕ್ಕೆ ಹತ್ತು ಜನ ನಗುಮುಖ ಒತ್ತಿದ್ದರು. ಹಾಳಾದವರಿಗೆ ನಗಲು ಅಷ್ಟು ಸಾಕಾಯಿತು. ವಿಮಲಾ ರಾತ್ರಿ ಊಟ ಬಿಟ್ಟಳು. ಈ ಡಿಸೆಂಬರಿನ ಪಟ್ಟಿಯಿಂದ ಇವನ ಹೆಸರು ಕಿತ್ತುಹಾಕದೆ ಬಿಡುವುದಿಲ್ಲ ಎಂದುಕೊಂಡಳು.

ಭಾನುವಾರ ಗುಡ್ಡದ ಕೆಳಗಿನ ಚಹಾದಂಗಡಿಯಲ್ಲಿ ಎಲ್ಲರೆದುರೇ ಅವನನ್ನು ಹಿಡಿದುಕೊಂಡಳು.

"ಇಳಿದು ನಿಲ್ಲಬೇಕು ಅಂತ ಎಷ್ಟು ಸಲ ಹೇಳಿದ್ದೆ?"

"ಬೆಲ್ ಹೊಡೆದೆ ಆಂಟಿ. ಅವರು ಹಟೇ ನಹೀ."

"ಹೇಗೆ ಸರಿಯೋದು? ನಿನ್ನ ತಲೆ ಮೇಲೆ ಇಪ್ಪತ್ತು ಕಿಲೋ ಇಟ್ಟು ನೋಡ್ಲಾ? ನಿನ್ನಂಥವನನ್ನ ನನ್ನೂರಿಗೆ ಕರ್ಕೊಂಡು ಹೋದೆನಲ್ಲ, ನಾಚಿಕೆ ಆಗುತ್ತೆ ನನಗೆ. ಈ ಸಲ ಬರಬೇಡ."

ಗಗನ್ ಮುಖ ಸಪ್ಪಗಾಯಿತು. ಫೋನು ತೆಗೆದು, ಕತ್ತರಿಸದೆ ಇಟ್ಟಿದ್ದ ಪೂರ್ತಿ ವಿಡಿಯೋ ಹುಡುಕಿ ಅವಳ ಕೈಗೆ ಕೊಟ್ಟ. ಅದೇ ಇಳಿಜಾರು, ಅದೇ ಮುದುಕಿ. ಅವನಿಗಿಂತ ಮುಂದೆ ಕೆಂಪು ಹೆಲ್ಮೆಟ್ಟಿನ ವಿಮಲಾ. ಬೆಲ್ ಹೊಡೆದು, ಬ್ರೇಕು ಮುಟ್ಟದೆ, ಗೇಣಿನ ಅಂತರದಲ್ಲಿ ಹಾದುಹೋಗುತ್ತಾಳೆ. ಮುದುಕಿ ತತ್ತರಿಸಿದ್ದು ಆಗಲೇ. ಸುಧಾರಿಸಿಕೊಳ್ಳುವಷ್ಟರಲ್ಲಿ ವಿಮಲಾಳ ಹಿಂದೆಯೇ ಗಗನ್ ಬಂದಿದ್ದ.

"ನೀವು ಇಳೀಲಿಲ್ಲ ಆಂಟಿ, ಅದಕ್ಕೆ ನಾನೂ ಇಳೀಲಿಲ್ಲ."

ವಿಮಲಾ ಎರಡು ಸಲ ನೋಡಿದಳು. ಆ ಮುದುಕಿಯನ್ನು ಕಂಡ ನೆನಪೇ ಅವಳಿಗಿರಲಿಲ್ಲ. ಕೋಪ ಇಳಿದಿರಲಿಲ್ಲ, ಆದರೆ ಬೈಯಲು ತನ್ನನ್ನು ಬಿಟ್ಟು ಯಾರೂ ಉಳಿದಿರಲಿಲ್ಲ. ಬ್ಯಾಗಿನಿಂದ ಪಟ್ಟಿ ತೆಗೆದು ಮೊದಲು ತನ್ನ ಹೆಸರು ಹೊಡೆದುಹಾಕಿದಳು, ಆಮೇಲೆ ಗಗನ್‌ನದು.

"ಮತ್ತೆ ನಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಯಾರೂ ಇಲ್ಲ," ಎಂದು ಉಳಿದ ಹೆಸರುಗಳನ್ನೂ ಹೊಡೆದುಹಾಕಿದಳು.