ಹಳೆಯವಾಗಲೆಂದು ಒಣಗುವ ಸೀರೆಗಳು

ಗಬ್ಬೂರಿನಲ್ಲಿ ದೇವದುರ್ಗದ ಬಸ್ಸಿಗಾಗಿ ಕಾಯುತ್ತಾ ಕೂತಿದ್ದೇನೆ. ಎದುರು ಮನೆಯ ಅಂಗಳದಲ್ಲಿ ಹಗ್ಗದ ತುಂಬ ಹೊಚ್ಚ ಹೊಸ ಸೀರೆಗಳು. ಒಂದರ ಸೆರಗಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ನೆರಳಲ್ಲಿ ಕೌದಿ ಹೊಲಿಯುತ್ತಿರುವ ಮುದುಕಿ ಆಗಾಗ ಎದ್ದು ಆ ಸೀರೆಗಳನ್ನು ಮತ್ತೆ ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಹಿಂಡಿ, ಸುಡುಬಿಸಿಲಿಗೆ ಹರವುತ್ತಾಳೆ.

ತಡೆಯಲಾರದೆ ಹೋಗಿ ಕೇಳಿದೆ: "ಯವ್ವಾ, ಹೊಸ ಸೀರಿ ಯಾಕ ಹಿಂಗ ಹಾಳ ಮಾಡಾಕತ್ತಿ?"

"ಹಳೇವು ಆಗ್ಲಿ ಅಂತ, ಯಪ್ಪಾ."

ರಾಯಚೂರಿನ ಅಂಗಡಿಯವರಿಗೆ ಹಳೆ ಸೀರೆಯ ಕೌದಿಯೇ ಬೇಕಂತೆ. ಬಟ್ಟೆ ಕಸಕ್ಕೆ ಬಿದ್ದು ಭೂಮಿ ಕೆಡಬಾರದು ಎನ್ನುವ ದೊಡ್ಡ ಊರಿನ ಗಿರಾಕಿಗಳು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರಂತೆ. ಹೊಸ ಹೊಳಪು ಕಂಡರೆ ಮಾಲು ವಾಪಸ್ಸು.

"ಹಳೇವು ಎಲ್ಲಿಂದ ತರ್ಲಿ? ಸ್ಟೀಲ್ ಭಾಂಡೆ ಮಾರೋರು ಬಂದು, ಪಾತ್ರಿ ಕೊಟ್ಟು ಮನಿಮನಿ ಹಳೇ ಸೀರಿ ಒಯ್ದುಬಿಡ್ತಾರ. ಅದಕ ಹೊಸಾವು ತಂದು ಒಗಿಯೋದು."

ನನಗೆ ತಲೆಬುಡ ತಿಳಿಯಲಿಲ್ಲ. ಬೆಳಿಗ್ಗೆಯಷ್ಟೇ ರಾಯಚೂರಿನಲ್ಲಿ ಅಂಥದೊಂದು ಕೌದಿ ಕೊಂಡು, ಭೂಮಿಗೆ ಉಪಕಾರ ಮಾಡಿದವನ ಠೀವಿಯಲ್ಲಿ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಉಳಿಸಿದ್ದೇನು, ಕೆಡಿಸಿದ್ದೇನು?

ಮುದುಕಿ ಉಟ್ಟಿದ್ದ ಸೀರೆ ಮಾತ್ರ ನಿಜವಾಗಿಯೂ ಹಳೆಯದು. ಬಣ್ಣ ಹೋಗಿತ್ತು, ಅಲ್ಲಲ್ಲಿ ತೇಪೆ ಬಿದ್ದಿತ್ತು.

"ನೀ ಉಟ್ಟಿದ್ದು ಹಳೇದ ಅದಲ್ಲ ಯವ್ವಾ, ಇದನ್ನ ಕೌದಿಗೆ ಹಾಕಬಾರದೇನು?"

ಆಕೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು.

"ಇದಕೇನಾಗ್ಯಾದ? ಇನ್ನಾ ಉಡಾಕ ಬರ್ತದಲ್ಲ!"