ಕದ್ದ ಗಿಡಗಳ ತೋಪು

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದರೆ, ಬೇಲಿಯಾಚೆ ಯಾರೋ ಹೆಂಗಸು ನಮ್ಮ ನಂದಬಟ್ಟಲಿನ ಕೊಂಬೆ ಬಗ್ಗಿಸಿಕೊಂಡು ನಿಂತಿದ್ದರು. ಗದರಿಸಬೇಕೆಂದುಕೊಂಡೆ, ಬಾಯಿ ತುಂಬ ನೊರೆ. ಅಷ್ಟರಲ್ಲಿ ಗೌರತ್ತೆ ನೆನಪಾದಳು.

ಗೌರತ್ತೆ ನಮ್ಮಪ್ಪನ ಅಕ್ಕ. ಬಂಗಾರಪೇಟೆಯ ಹತ್ತಿರದ ನಮ್ಮ ಮನೆಯ ಹಿಂದೆ ತಾತ ಬಿಟ್ಟುಹೋದ ಹೊಂಗೆ, ನೇರಳೆ ಮರಗಳ ತೋಪಿದೆ. ಅದರ ನೆರಳಿನಲ್ಲಿ ಅತ್ತೆ ತಂದು ನೆಡದ ಗಿಡವಿರಲಿಲ್ಲ. ಎಲ್ಲವೂ ಕದ್ದ ಮಾಲು. "ಕೊಟ್ಟ ಗಿಡ ಚಿಗುರಲ್ಲ ಕಣ್ಲಾ. ಕದ್ದಿದ್ದೇ ಬೇರು ಬಿಡಾದು" ಎನ್ನುತ್ತಿದ್ದಳು. ನಮ್ಮ ಕಡೆ ಎಲ್ಲರೂ ನಂಬುವ ಮಾತು. ಅವಳಿಗೆ ಅದೇ ವೇದ. ಬಂದವರು ಯಾವುದಾದರೂ ಗಿಡವನ್ನು ಆಸೆಯಿಂದ ನೋಡಿದರೆ, "ಕುಂತಿರಿ, ಮಜ್ಜಿಗೆ ತತ್ತೀನಿ" ಎಂದು ಒಳಗೆ ಹೋಗಿಬಿಡುವಳು. ಆ ಮಜ್ಜಿಗೆ ಬರುವಷ್ಟರಲ್ಲಿ ಹಾಲು ಹೆಪ್ಪುಗಟ್ಟಿ ಮೊಸರಾಗಬಹುದಿತ್ತು.

ಅವಳ ಕಳ್ಳತನಕ್ಕೆ ಸ್ಕೂಟರ್ ಓಡಿಸುವವನು ನಾನು. ನನ್ನ ಡಿಗ್ರಿಗೆ ಮನೆಯಲ್ಲಿ ಸಿಕ್ಕ ಮೊದಲ ಕೆಲಸ ಅದು. ಒಮ್ಮೆ ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯೊಂದರ ಮುಂದೆ ಅತ್ತೆ ಕ್ರೋಟನ್ನಿಗೆ ಕೈಹಾಕಿದಾಗ, ಮನೆಯಾಕೆ ಸೆಲ್ವಿಯಕ್ಕ ಬಾಗಿಲಿಗೆ ಬಂದು, "ಎಡುತ್ತುಕೋಮ್ಮಾ" ಎಂದು ನಗುತ್ತ ತಮಿಳಿನಲ್ಲಿ ಅಪ್ಪಣೆ ಕೊಟ್ಟಳು. ಅತ್ತೆ ಮುಖ ಸಪ್ಪಗೆ ಮಾಡಿಕೊಂಡು ಕೈ ಹಿಂದೆಗೆದಳು. "ತಗೋ ಅಂದ್ಬುಟ್ಳಲ್ಲ, ಇನ್ನೆಲ್ಲಿ ಚಿಗುರ್ತದೆ" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಒಂದು ಬೇಸಿಗೆಯಲ್ಲಿ ಪಕ್ಕದ ನೀಲಗಿರಿ ತೋಪಿನ ತರಗೆಲೆಗೆ ಬೆಂಕಿ ಬಿತ್ತು. ನಮ್ಮ ದೊಡ್ಡ ಮರಗಳು ಉಳಿದವು, ಕೆಳಗಿದ್ದದ್ದೆಲ್ಲ ಬೂದಿ. ಅತ್ತೆ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. "ಇನ್ನ ಕದಿಯಾಕೆ ನನ್ಕೈಲಿ ಆಗಲ್ಲ ಕಣ್ಲಾ" ಎಂದಳು. ತೋಪಿನ ಜೊತೆ ಅವಳೂ ಹೋಗಿಬಿಡುತ್ತಾಳೇನೋ ಎಂದು ನನಗೆ ಹೆದರಿಕೆಯಾಯಿತು.

ಮಳೆ ಬಿದ್ದ ಮೇಲೆ ಡೈರಿಗೆ ಹಾಲು ಹಾಕುವ ಹೆಂಗಸರು ಒಬ್ಬೊಬ್ಬರಾಗಿ ಕರೆಯತೊಡಗಿದರು. "ಗೌರಕ್ಕಾ, ನಮ್ಮನೆ ತಾವ ಬಂದೋಗು." ಹೋದರೆ, ನಮ್ಮ ತೋಪಿನಿಂದ ಎಂದೋ ಅವರು ಕದ್ದೊಯ್ದ ನಂದಬಟ್ಟಲೋ ಮಲ್ಲಿಗೆಯೋ ಅಂಗಳದಲ್ಲಿ ನಳನಳಿಸುತ್ತಿತ್ತು. "ಕುಂತ್ಕೋ, ಮಜ್ಜಿಗೆ ತತ್ತೀನಿ" ಎಂದು ಒಳಹೊಕ್ಕವರು ಬೇಗ ಹೊರಗೆ ಬರುತ್ತಲೇ ಇರಲಿಲ್ಲ. ನಾನು ಊರಿಗಾಂಗೂ ಹೋಗಿ ಸೆಲ್ವಿಯಕ್ಕನಿಗೆ ತೋಪು ಸುಟ್ಟ ಸುದ್ದಿಯನ್ನೂ ಅತ್ತೆಯ ವೇದವನ್ನೂ ಮುಟ್ಟಿಸಿ ಬಂದೆ. ಮಾರನೆಯ ದಿನ ಅತ್ತೆಯನ್ನು ಕರೆದುಕೊಂಡು ಹೋದಾಗ, ಸೆಲ್ವಿಯಕ್ಕ ನಮ್ಮನ್ನು ಕಂಡವಳೇ ನಾಯಿಯನ್ನೂ ಒಳಕ್ಕೆಳೆದುಕೊಂಡು ಬಾಗಿಲು ಹಾಕಿಕೊಂಡಳು. ಕ್ರೋಟನ್ ಕಡ್ಡಿ ಮುರಿಯುವಾಗ ಅತ್ತೆಯ ಕಣ್ಣಲ್ಲಿ ನೀರಿತ್ತು. ಉಪಕಾರವಾಯಿತು ಎನ್ನುವ ಹಾಗಿಲ್ಲ. ಅಂದರೆ ಅದು ಕೊಟ್ಟ ಗಿಡವಾಗಿಬಿಡುತ್ತದೆ. ಹಾಗಾಗಿ ಯಾರಿಗೂ ಹೇಳದೆ ಉಳಿದದ್ದನ್ನು ಇಲ್ಲಿ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅತ್ತೆ ಈಗಿಲ್ಲ. ತೋಪು ಮತ್ತೆ ತುಂಬಿಕೊಂಡಿದೆ.

ಬೇಲಿಯಾಚೆಯ ಹೆಂಗಸು ನನ್ನನ್ನು ಕಂಡು ಕೊಂಬೆ ಬಿಟ್ಟರು. ನಾನು ನೋಡಿಯೇ ಇಲ್ಲವೆಂಬಂತೆ ಒಳಗೆ ಹೋಗಿ, ಬಾಯಿ ಮುಕ್ಕಳಿಸಿ, ತೊಳೆದ ಮುಖವನ್ನೇ ಮತ್ತೆ ತೊಳೆದೆ. ಹೊರಗೆ ಬಂದಾಗ ಯಾರೂ ಇರಲಿಲ್ಲ. ಕಡ್ಡಿ ಮುರಿದ ಕಡೆ ಬಿಳಿ ಹಾಲು ಒಸರುತ್ತಿತ್ತು. ಇನ್ನೆರಡು ಮುರಿದುಕೊಳ್ಳಬಾರದಿತ್ತೇ ಅನ್ನಿಸಿತು.

ನೀವೂ ಒಮ್ಮೆ ಬನ್ನಿ. ಮಜ್ಜಿಗೆ ತರಲು ನಾನು ಒಳಗೆ ಹೋಗುತ್ತೇನೆ.