ಬಲಗಿವಿಯ ಗ್ರಾಹಕರು

ಕಳೆದ ವಾರ ಆಫೀಸಿನ ಮೀಟಿಂಗ್‌ನಲ್ಲಿ, ಎಂಟು ಜನರೆದುರು, ಮೂವತ್ತು ವರ್ಷ ಮುಚ್ಚಿಟ್ಟಿದ್ದ ಮಾತನ್ನು ಹೇಳಿಬಿಟ್ಟೆ: "ನಂಗೆ ಬಲಗಿವಿ ಕೇಳ್ಸಲ್ಲ."

ಹೇಳಬೇಕೆಂದು ಹೊರಟವಳಲ್ಲ. ಸಿಕ್ಕಿಬಿದ್ದೆ.

ಹೈಸ್ಕೂಲಿನಲ್ಲಿ ಮಂಗನಬಾವು ಬಂದು ಹೋದ ಕಿವಿ ಅದು. ಮದುವೆಮನೆಯಿರಲಿ, ಬಸ್ಸಿರಲಿ, ಎಡಗಿವಿ ಅವರತ್ತ ಇರುವಂತೆ ಎಲ್ಲರ ಬಲಗಡೆಗೇ ಕೂತು, ಕೇಳಿಸದ್ದಕ್ಕೆಲ್ಲ ನಕ್ಕು ತಲೆಯಾಡಿಸುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.

ನನ್ನ ಹೊಸ ಕೆಲಸದ ಬಗ್ಗೆ ನಿಮಗೆ ಹೇಳಿಲ್ಲ ಅಲ್ಲವೇ? ಹೆಬ್ಬಾಳದಲ್ಲಿ, ಮನೆಗೆ ಔಷಧಿ ತಲುಪಿಸುವ ಕಂಪನಿಯೊಂದರಲ್ಲಿ, ಗ್ರಾಹಕರ ಫೋನ್ ಕರೆಗಳ ರೆಕಾರ್ಡಿಂಗ್ ಕೇಳಿ ಏಜೆಂಟರಿಗೆ ಅಂಕ ಕೊಡುವುದು. (ನಲವತ್ತಾರರ ವಯಸ್ಸಿನಲ್ಲಿ ಬಾಗಲಗುಂಟೆಯಿಂದ ಎರಡು ಬಸ್ ಬದಲಿಸಿ ಬರುವವಳಿಗೆ ಕೂತು ಮಾಡುವ ಕೆಲಸ ವರವೇ ಸರಿ.)

ಹೆಡ್‌ಫೋನ್ ಹಾಕಿಕೊಂಡ ಮೊದಲ ದಿನವೇ ಬೆರಗಾದೆ. ನಮ್ಮ ಗ್ರಾಹಕರು ಎಂಥ ಸಾಧುಗಳು! ಏಜೆಂಟ್ "ಹೇಳಿ ಮೇಡಂ" ಅನ್ನುತ್ತಾನೆ. ಮೌನ. ಆಮೇಲೆ "ಖಂಡಿತ ಮೇಡಂ". ಲೈನ್ ಸರಿಯಿಲ್ಲವೇನೋ ಅನ್ನಿಸಿತು. ಯಾರನ್ನಾದರೂ ಕೇಳಿದರೆ ಕಿವಿಯ ವಿಷಯ ಬಂದೀತಲ್ಲ? ಸುಮ್ಮನೆ ಏಜೆಂಟರ ವಿನಯಕ್ಕೆ ಅಂಕ ಕೊಡುತ್ತ ಹೋದೆ.

ಮೂರನೇ ವಾರದ ಮೀಟಿಂಗ್‌ನಲ್ಲಿ ಟೀಮ್ ಲೀಡರ್ ಪ್ರದೀಪ್, ನಾನು ಹತ್ತಕ್ಕೆ ಒಂಬತ್ತು ಕೊಟ್ಟಿದ್ದ ಕರೆಯೊಂದನ್ನು ಸ್ಪೀಕರ್‌ನಲ್ಲಿ ಹಾಕಿದರು. ರಾಜಾನುಕುಂಟೆಯ ಹೆಂಗಸೊಬ್ಬಳ ದನಿ ಕೋಣೆ ತುಂಬಿತು. "ಅಣ್ಣಾ, ನಮ್ಮತ್ತೆಗೆ ಇನ್ಸುಲಿನ್ ಬೆಳಗ್ಗೇನೇ ಮುಗ್ದೋಗೈತೆ. ನೀವು ಇಂಗಂದ್ರೆ ಎಂಗಣ್ಣಾ?" ಅಳುತ್ತಿದ್ದಳು. ಏಜೆಂಟ್ ಮೂರು ಸಲ "ಖಂಡಿತ ಮೇಡಂ, ಚೆಕ್ ಮಾಡ್ತೀವಿ" ಎಂದು ಫೋನ್ ಇಟ್ಟಿದ್ದ.

"ಇದಕ್ಕೆ ಒಂಬತ್ತಾ ಮೇಡಂ?" ಎಂದರು ಪ್ರದೀಪ್.

ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಆಗಲೇ ಬಲಗಿವಿಯ ಆ ಮಾತು ಬಾಯಿಂದ ಬಂದದ್ದು.

ಸಿಸ್ಟಮ್ ವಿಭಾಗದ ಶಶಿಕಲಾ ತಕ್ಷಣ ಕಾರಣ ಹೇಳಿದರು. ನಮ್ಮ ರೆಕಾರ್ಡಿಂಗ್‌ಗಳಲ್ಲಿ ಏಜೆಂಟ್ ದನಿ ಎಡಗಿವಿಗೆ, ಗ್ರಾಹಕರ ದನಿ ಬಲಗಿವಿಗೆ.

ಪ್ರದೀಪ್ ಮೆತ್ತಗಾದರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಡೇಟಾ ಎಂಟ್ರಿ ಕೆಲಸ ಕೊಡ್ತೀನಿ, ಆರಾಮಾಗಿರ್ಬೋದು."

ಆರಾಮ ಯಾರು ಕೇಳಿದ್ದರು?

ಊಟದ ಹೊತ್ತಿನಲ್ಲಿ ಫೋನ್ ತೆಗೆದು ಹುಡುಕಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಸೆಟ್ಟಿಂಗ್ಸ್, ಅದರೊಳಗೆ ಆಕ್ಸೆಸಿಬಿಲಿಟಿ, ಅದರೊಳಗೆ ಮೋನೋ ಆಡಿಯೋ. ಎರಡೂ ಕಡೆಯ ದನಿ ಕೂಡಿಸಿ ಎರಡೂ ಕಿವಿಗೆ ಕೊಡುವ ಒಂದೇ ಒಂದು ಬಟನ್. ಫೋನಿನಲ್ಲೂ ಇದೆ, ಕಂಪ್ಯೂಟರಿನಲ್ಲೂ ಇದೆ. ಪ್ರದೀಪ್‌ರನ್ನು ನನ್ನ ಮೇಜಿಗೆ ಕರೆದು ತೋರಿಸಿದೆ.

"ಆಫೀಸ್ ಸಿಸ್ಟಮ್ ಸೆಟ್ಟಿಂಗ್ಸ್ ಮುಟ್ಟಂಗಿಲ್ಲ ಮೇಡಂ. ಮೇಲ್ನವ್ರನ್ನ ಕೇಳ್ಬೇಕು."

"ಕೇಳಿ. ಅಲ್ಲೀತನಕ ನಾನು ಈ ಕುರ್ಚಿ ಬಿಡಲ್ಲ." ಹೆಡ್‌ಫೋನ್ ಎತ್ತಿ ಕೊರಳಿಗೆ ಹಾಕಿಕೊಂಡೆ. "ಕಿವಿ ಕೇಳ್ಸಲ್ಲ ಅಂತ ನನ್ನನ್ನ ಇಲ್ಲಿಂದ ಎಬ್ಬಿಸಕ್ಕೆ ಆಗತ್ತೆ, ಒಂದು ಬಟನ್ ಒತ್ತಕ್ಕೆ ಆಗಲ್ವಾ?"

ಶಶಿಕಲಾ ಎದ್ದು ಬಂದರು. ಯಾರನ್ನೂ ಕೇಳದೆ ನನ್ನ ಮೌಸ್ ಹಿಡಿದು ಬಟನ್ ಒತ್ತಿದರು. "ಮೇಲ್ನವ್ರಿಗೆ ನಾನ್ ಹೇಳ್ಕೋತೀನಿ, ಬಿಡಿ."

ಎಡಗಿವಿಗೆ ಜನ ನುಗ್ಗಿದರು! ಬೈಯುವವರು, ಗೊಣಗುವವರು, ಮಾತ್ರೆಯ ಹೆಸರು ಮರೆತು ಬಣ್ಣ ಹೇಳುವ ತಣಿಸಂದ್ರದ ಅಜ್ಜ. ಮೂರು ವಾರದ ಕರೆಗಳನ್ನೆಲ್ಲ ಮತ್ತೆ ಕೇಳಿ ಅಂಕ ತಿದ್ದಿದೆ. ಆ ಒಂಬತ್ತು ಎರಡಾಯಿತು. (ಇನ್ಸುಲಿನ್ ಆ ಕರೆಯ ದಿನವೇ ಸಂಜೆ ತಲುಪಿತ್ತಂತೆ. ಆಕೆ ಇನ್ನೂ ನಾಲ್ಕು ಸಲ ಫೋನ್ ಮಾಡಿದ ಮೇಲೆ.)

ಮೊನ್ನೆ ಪ್ರದೀಪ್ ಅಕ್ಕರೆಯಿಂದಲೇ ವಿಚಾರಿಸಿದರು: "ಆ ಸ್ಪೆಷಲ್ ಸೌಲಭ್ಯ ಸರಿಹೋಯ್ತಾ ಮೇಡಂ?"

ಸೌಲಭ್ಯವಂತೆ! ಎರಡೂ ಕಿವಿ ಕೇಳುವವರಿಗೆ ಎರಡು ಕಡೆಯಿಂದ ದನಿ ಕೊಟ್ಟಾಗ ಅದನ್ನು ಯಾರಾದರೂ ಸೌಲಭ್ಯ ಅಂದಿದ್ದಾರೆಯೇ?